ಅಳಿಯಂದಿರು ಹತ್ತಿದ್ರಾ?

ನಮ್ಮ ಮನೆಯಲ್ಲಿ ಸೊಸೆಯರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬಳು ನನ್ನ ನಾದಿನಿಯ ಬಲಗಾಲು.

ನಗಬೇಡಿ, ಹೆಸರಿಟ್ಟವಳು ಅವಳೇ. ಕೃತಕ ಕಾಲು ಮೊದಲ ಸಲ ಮನೆಗೆ ಬಂದ ದಿನ ಅತ್ತೆ ಅದನ್ನು ನೋಡಲಾರದೆ ಅಡುಗೆಮನೆಗೆ ಹೋಗಿ ಕೂತಿದ್ದರು. ನನ್ನ ಗಂಡ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ನೋಡುತ್ತಾ ನಿಂತಿದ್ದ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ, ಹಾಳಾದ ದಾರ ಕಣ್ಣಿನೊಳಗೆ ಹೋಗುತ್ತಲೇ ಇರಲಿಲ್ಲ. ನಾದಿನಿ ಮಾತ್ರ ಆ ಕಾಲನ್ನು ಗೋಡೆಗೆ ಒರಗಿಸಿ, ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ ಹೇಳಿದಳು: "ಬೆಳಗ್ಗೆ ಎದ್ದ ತಕ್ಷಣ ಇವಳು ಬೇಕು. ಎಲ್ರೂ ಮಲಗಿದ ಮೇಲೇ ಇವಳಿಗೆ ಬಿಡುವು. ದಿನಾ ಯಾರ ಹತ್ರನಾದ್ರೂ ಬೈಸ್ಕೊಳ್ಳೋದು ಬೇರೆ. ಇವಳು ಸೊಸೆ ಅಲ್ದೆ ಇನ್ನೇನು ಅತ್ತಿಗೆ?"

"ಈ ಮನೇಲಿ ಸೊಸೇನ ಯಾರೇ ಬೈತಾರೆ?" ಅಂತ ಅಡುಗೆಮನೆಯಿಂದ ಅತ್ತೆ ಕೂಗಿದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಫಕ್ಕನೆ ನಕ್ಕುಬಿಟ್ಟ. ಅಪಘಾತವಾದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ನಾದಿನಿಯನ್ನು ಚಿಕ್ಕಂದಿನಿಂದ ಎಲ್ಲರೂ ಬುಗುರಿ ಅನ್ನುತ್ತಿದ್ದರು, ಒಂದು ಕಡೆ ಕೂರುವ ಜಾಯಮಾನವೇ ಅಲ್ಲ ಅಂತ. ಬಟ್ಟೆ ಗೋದಾಮಿನಲ್ಲಿ ಅವಳಿಗೆ ಲೆಕ್ಕ ನೋಡುವ ಕೆಲಸ. ಅದರ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ಜಜ್ಜಿಹಾಕಿತು. ಆಮೇಲೆ ಆ ಹೆಸರು ಹಿಡಿದು ಕರೆಯಲು ಯಾರಿಗೂ ನಾಲಿಗೆ ಏಳಲಿಲ್ಲ. ಅದಕ್ಕೂ ಅವಳೇ ಜಗಳ ತೆಗೆದಳು. "ಬುಗುರಿ ಎಷ್ಟು ಕಾಲ ಮೇಲೆ ತಿರುಗುತ್ತೆ? ಒಂದೇ ತಾನೆ? ಈಗ ತಾನೆ ಹೆಸರು ಸರಿಯಾಗಿ ಹೊಂದಿರೋದು!" ಅಂದಳು. ಅಂಥವಳ ಎದುರು ಅಳುವುದಾದರೂ ಹೇಗೆ? ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಕಾಲಿಗೆ ಬಲ ಬರಲಿ ಅಂತ ವೈದ್ಯರು ಈಜಲು ಹೇಳಿದರು. ಈಜುಕೊಳದಲ್ಲಿ ಇವಳನ್ನು ನೋಡಿದವರು ಒಬ್ಬ ಕೋಚ್. ಅವರ ಕೊರಳಲ್ಲಿ ಸದಾ ಒಂದು ಪೀಪಿ, ಅದಕ್ಕೇ ನಾವು ಅವರನ್ನು ಪೀಪಿ ಮೇಡಂ ಅನ್ನುವುದು. "ನೀರಲ್ಲಿ ಇವಳಿಗೆ ಎಷ್ಟು ಕಾಲು ಅಂತ ಗೊತ್ತೇ ಆಗಲ್ಲ" ಅಂದರು. ಈಜಿಗೆ ಸೈಕಲ್ ಸೇರಿತು, ಸೈಕಲ್ಲಿಗೆ ಓಟ ಸೇರಿತು. ಮೂರನ್ನೂ ಒಂದರ ಹಿಂದೆ ಒಂದು, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಮಾಡಬೇಕಾದ ಆಟ ಅದು. ಎರಡೂ ಕಾಲಿರುವ ನಾನು ಮಹಡಿ ಹತ್ತಿದರೆ ಏದುಸಿರು ಬಿಡುತ್ತೇನೆ! ಮೊದಲ ಸ್ಪರ್ಧೆಯಲ್ಲಿ ಇವಳು ಗುರಿ ಮುಟ್ಟುವ ಹೊತ್ತಿಗೆ ಕುರ್ಚಿಗಳನ್ನು ಮಡಚಿ ಲಾರಿಗೆ ತುಂಬುತ್ತಿದ್ದರು. ಎರಡನೆಯದರಲ್ಲಿ ಸೈಕಲ್ ಸಮೇತ ಪೊದೆಗೆ ಬಿದ್ದಳು. ಆಮೇಲಾಮೇಲೆ ಪದಕಗಳು ಬರತೊಡಗಿದವು. ಬಟ್ಟೆ ಕತ್ತರಿಸುವಾಗ ಅಳತೆಯ ಕಾಗದ ಹಾರದಂತೆ ನಾನು ಅವನ್ನೇ ಮೇಲಿಡುತ್ತಿದ್ದೆ. ಕಂಚು ಹಗುರ, ಬೆಳ್ಳಿ ವಾಸಿ. ಚಿನ್ನ ಬಂದಾಗ ಅದು ಬರೀ ಬಣ್ಣ, ತೂಕದಲ್ಲಿ ಬೆಳ್ಳಿಗಿಂತ ಏನೂ ಹೆಚ್ಚಿಲ್ಲ ಎಂದು ತಿಳಿದು ನನಗೆ ಸಿಟ್ಟೇ ಬಂತು.

ಈ ಆಟದಲ್ಲಿ ಅಂಗವಿಕಲರಿಗೆ ಒಬ್ಬ ಸಹಾಯಕರು ಇರಬಹುದು. ಬುಗುರಿಗೆ ನಾನೇ. ನೀರಿನಿಂದ ಬಂದವಳ ಮೊಂಡುಗಾಲನ್ನು ಒಂದು ಹನಿ ಉಳಿಯದಂತೆ ಒರೆಸಬೇಕು, ಇಲ್ಲದಿದ್ದರೆ ಹಾಕಿದ ಕಾಲು ಜಾರುತ್ತದೆ. ತಣ್ಣೀರಿನಲ್ಲಿ ಮೊಂಡು ಕುಗ್ಗಿರುತ್ತದೆ, ಅದಕ್ಕೆ ಒಂದು ಕಾಲುಚೀಲ ಹೆಚ್ಚು ಹಾಕಬೇಕು. ಆ ಕಾಲುಚೀಲಗಳನ್ನು ಹೊಲಿಯುವುದೂ ನಾನೇ, ಒಳಗಡೆ ಹೊಲಿಗೆಯ ಗುರುತೇ ಸಿಗದಂತೆ. ಅಲ್ಲೊಂದು ಗಂಟು ಉಳಿದರೆ ಸಾಕು, ಚರ್ಮ ಕಿತ್ತು ಕೈಗೆ ಬರುತ್ತದೆ.

ಆಮೇಲೆ ಬಂದರು ಅಳಿಯಂದಿರು.

ಅಂದರೆ ಓಡುವ ಕಾಲು. ಯಾರೋ ಪುಣ್ಯಾತ್ಮರು ಸೇರಿ ಕೊಡಿಸಿದ್ದು. ಪಾದವಿಲ್ಲ, ಹಿಮ್ಮಡಿಯಿಲ್ಲ, ಕುಡುಗೋಲಿನಂತೆ ಬಾಗಿದ ಕಪ್ಪು ಪಟ್ಟಿ, ಬ್ಲೇಡ್ ಅನ್ನುತ್ತಾರೆ ಅದಕ್ಕೆ. ಅದನ್ನು ಹಾಕಿಕೊಂಡರೆ ಬುಗುರಿ ಓಡುತ್ತಿರಲಿಲ್ಲ, ಪುಟಿಯುತ್ತಿದ್ದಳು. ಆದರೆ ಅದು ಬಿಟ್ಟಲ್ಲಿ ನಿಲ್ಲುವುದಿಲ್ಲ, ಯಾವುದಕ್ಕಾದರೂ ಒರಗಿಸಬೇಕು. ಮನೆಯೊಳಗೆ ಉಪಯೋಗವಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಬೇಕು. ಅತ್ತೆಯ ದೊಡ್ಡ ಮಗಳ ಗಂಡ, ಅಂದರೆ ಮನೆಯ ನಿಜವಾದ ಅಳಿಯ, ಬಂದಾಗಲೂ ಹೆಚ್ಚುಕಡಿಮೆ ಹೀಗೇ. ಗೋಡೆಗೆ ಒರಗಿ ಕೂರುತ್ತಾರೆ, ಮೊದಲ ಲೋಟ ಕಾಫಿ ಅವರಿಗೇ, ಕುಡಿದ ಲೋಟ ಕೂತಲ್ಲೇ. ಮನುಷ್ಯ ಕೆಟ್ಟವರಲ್ಲ ಪಾಪ, ಯಾರೂ ಕೆಲಸ ಹೇಳಿಲ್ಲ ಅಷ್ಟೆ. ಬುಗುರಿ ಆ ಹೊಸ ಕಾಲನ್ನು ನೋಡಿದ ಮರುಕ್ಷಣ, "ಅಳಿಯಂದಿರು ಬಂದ್ರು, ಎಲ್ರೂ ಎದ್ದು ನಿಂತ್ಕೊಳ್ಳಿ" ಅಂದಳು. ಅವತ್ತಿನಿಂದ ನಡೆಯುವ ಕಾಲು ಸೊಸೆ, ಓಡುವ ಕಾಲು ಅಳಿಯಂದಿರು. ಅತ್ತೆ ಮಾತ್ರ ಎರಡನ್ನೂ ಮುಟ್ಟಿದವರಲ್ಲ. ಕೋಣೆಯಲ್ಲಿ ಕಾಲು ಒರಗಿಸಿಟ್ಟಿದ್ದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಈಗ ಆ ದಿನದ ಮಾತಿಗೆ ಬರುತ್ತೇನೆ.

ಅದು ಆಯ್ಕೆಯ ಸ್ಪರ್ಧೆ. ಮೊದಲ ಇಬ್ಬರಿಗೆ ದೇಶದ ತಂಡದಲ್ಲಿ ಜಾಗ. ಹಿಂದಿನ ಎರಡು ಆಯ್ಕೆಗಳಲ್ಲೂ ಬುಗುರಿ ಕೂದಲೆಳೆಯಲ್ಲಿ ಜಾಗ ಕಳೆದುಕೊಂಡಿದ್ದಳು. "ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ ಅತ್ತಿಗೆ. ಅಳಿಯಂದಿರನ್ನ ಯಾರಾದ್ರೂ ಚಿಕ್ಕ ಹುಡುಗಿಗೆ ಕೊಟ್ಬಿಡೋಣ. ನನಗೂ ವಯಸ್ಸಾಯ್ತು" ಅಂದಿದ್ದಳು. ತಮಾಷೆ ಮಾಡುವವಳು ತಮಾಷೆಯಿಲ್ಲದೆ ಮಾತಾಡಿದರೆ ಎದೆ ಧಸಕ್ ಅನ್ನುತ್ತದೆ. ಅದನ್ನು ಕೇಳಿದ ಮೇಲೆ ಅತ್ತೆ ಮೊಟ್ಟಮೊದಲ ಸಲ ತಾವೂ ನೋಡಲು ಬರುತ್ತೇನೆ ಅಂದರು.

ಬುಗುರಿ ಹಿಂದಿನ ದಿನವೇ ಸೊಸೆಯನ್ನು ಹಾಕಿಕೊಂಡು, ಸೈಕಲ್ ತೆಗೆದುಕೊಂಡು ಪೀಪಿ ಮೇಡಂ ಜೊತೆ ಹೋಗಿದ್ದಳು. ಅಳಿಯಂದಿರನ್ನು ತೊಡೆಗೆ ಬಿಗಿಯುವ ಪಟ್ಟಿಯ ಹೊಲಿಗೆ ಸಡಿಲವಾಗಿತ್ತು, ಅದನ್ನು ಬಿಗಿ ಮಾಡಿ ನಾನು ತರುವುದು ಅಂತಾಗಿತ್ತು. ಹೊಲಿದು, ಕೆಂಪು ಚೀಲಕ್ಕೆ ಹಾಕಿ, ಒಳಕೋಣೆಯ ಕುರ್ಚಿಯ ಮೇಲಿಟ್ಟೆ. ಅಷ್ಟರಲ್ಲಿ ನಿಜವಾದ ಅಳಿಯಂದಿರು ಹೇಳದೆ ಕೇಳದೆ ಬಂದಿಳಿದರು. ಈ ಊರಲ್ಲಿ ಏನೋ ಕೆಲಸವಿತ್ತಂತೆ, ಹಾಗೇ ಬುಗುರಿಯ ಆಟವನ್ನೂ ನೋಡೋಣ ಅಂತ. ಅವರಿಗೆ ಮಲಗಲು ಕೊಟ್ಟಿದ್ದು ಅದೇ ಒಳಕೋಣೆ.

ಬೆಳಗ್ಗೆ ನಾನು ಟವೆಲ್ಲು, ಕಾಲುಚೀಲ, ನೀರಿನ ಬಾಟಲಿ ತುಂಬುತ್ತಿದ್ದೆ. ಅಳಿಯ ಮಲಗಿರುವ ಕೋಣೆಗೆ ನಾನು ನುಗ್ಗುವುದು ಹೇಗೆ? ಅತ್ತೆಗೆ ಕೂಗಿ ಹೇಳಿದೆ: "ಅತ್ತೆ, ಅಳಿಯಂದಿರನ್ನ ಗಾಡಿಗೆ ಹತ್ತಿಸಿಬಿಡಿ!"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ: "ಅಳಿಯಂದಿರು ಹತ್ತಿದ್ರಾ?"

"ಹತ್ತಿ ಕೂತೂ ಆಯ್ತು. ಮುಂದಿನ ಸೀಟಲ್ಲೇ ಕೂರಿಸಿದೀನಿ."

"ಹುಷಾರು ಅತ್ತೆ, ಅಲ್ಲಾಡಬಾರ್ದು."

"ಬೆಲ್ಟ್ ಹಾಕಿದೀನಿ. ಬೆನ್ನಿಗೆ ದಿಂಬೂ ಕೊಟ್ಟಿದೀನಿ. ಸಾಕಾ?"

ಸಾಕು ಅಂದುಕೊಂಡೆ. ಅತ್ತೆ ಕೊನೆಗೂ ಆ ಕಾಲನ್ನು ಮುಟ್ಟಿದರಲ್ಲ ಅಂತ ಒಳಗೊಳಗೇ ಸಂತೋಷವೂ ಆಯಿತು. ವ್ಯಾನಿನ ಮುಂದಿನ ಸೀಟಿನಲ್ಲಿ ಅಳಿಯ ದಿಂಬಿಗೆ ಒರಗಿ ತೂಕಡಿಸುತ್ತಿದ್ದರು, ಚೀಲ ಅವರ ಕಾಲ ಹತ್ತಿರ ಇರಬೇಕು ಅಂದುಕೊಂಡೆ. ನಾನು ಎಂದಿನಂತೆ ಹಿಂದೆ, ಸೈಕಲ್ಲಿನ ಬದಲಿ ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅತ್ತೆಯ ಪಕ್ಕ ಮುದುಡಿ ಕೂತೆ. ಗಂಡ ಗಾಡಿ ಹೊರಡಿಸಿದ.

ಸ್ಪರ್ಧೆ ನಡೆಯುವ ಕೆರೆಯ ದಂಡೆಯಲ್ಲಿ ಇಳಿದು, "ಚೀಲ ಕೊಡಿ" ಅಂದೆ.

"ಯಾವ ಚೀಲ?" ಅಂದರು ಅಳಿಯಂದಿರು, ಕಣ್ಣುಜ್ಜಿಕೊಳ್ಳುತ್ತಾ.

"ಕೆಂಪು ಚೀಲ. ಅಳಿಯಂದಿರು!"

"ಹಾಂ, ಹೇಳಿ" ಅಂದರು ಪಾಪ ಅವರು.

ಅತ್ತೆಯ ಕಡೆ ತಿರುಗಿದೆ. ಅತ್ತೆ ನನ್ನ ಮುಖ ನೋಡಿದರು, ಅಳಿಯನ ಮುಖ ನೋಡಿದರು, ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಅಯ್ಯೋ ನಿಮ್ಮ! ಮನುಷ್ಯರನ್ನ ಯಾರಾದ್ರೂ ಹತ್ತಿಸಿಬಿಡಿ ಅಂತಾರಾ? ಅಲ್ಲಾಡಬಾರ್ದು ಅಂತಾರಾ?" ಅಂತ ನಡುರಸ್ತೆಯಲ್ಲಿ ಕಿರುಚಿದೆ. ಯಾರನ್ನು ಬೈಯುವುದೆಂದು ಗೊತ್ತಾಗದೆ ಎಲ್ಲರನ್ನೂ ಬೈದೆ, ಕೈಯಲ್ಲಿದ್ದ ಚಕ್ರವನ್ನೂ ಬೈದೆ. ಅತ್ತೆ ಮಾತ್ರ ಒಂದೇ ಮಾತು ಹೇಳುತ್ತಿದ್ದರು: "ನನ್ನ ಮಗಳ ಆಟ ಹಾಳ್ಮಾಡಿದ್ನಲ್ಲೇ. ನನ್ನ ಕೈಯಾರೆ ಹಾಳ್ಮಾಡಿದ್ನಲ್ಲೇ." ಅವರ ಮುಖ ನೋಡಿ ಬೈಯುವುದನ್ನು ಬಿಟ್ಟು ಚಕ್ರವನ್ನು ಕೆಳಗಿಟ್ಟೆ.

ಗಂಡ ಆಗಲೇ ಗಾಡಿ ತಿರುಗಿಸಿದ್ದ. "ಹೋಗಿ ತರ್ತೀನಿ."

"ಹೋಗಿ ಬರೋಕೆ ಎರಡು ಗಂಟೆ ಬೇಕು. ಆಟ ಮುಗಿಯೋಕೆ ಅಷ್ಟು ಹೊತ್ತು ಬೇಡ" ಅಂದೆ.

"ಸುಮ್ನೆ ನಿಲ್ಲೋದಕ್ಕಿಂತ ಹೋಗೋದು ವಾಸಿ" ಅಂದ. ಅಳಿಯಂದಿರೂ ಮತ್ತೆ ಅದೇ ಮುಂದಿನ ಸೀಟಿಗೆ ಹತ್ತಿದರು. ಈ ಸಲ ದಿಂಬನ್ನು ಹಿಂದಕ್ಕೆ ಎಸೆದರು.

ಬುಗುರಿಗೆ ಹೇಳಬೇಕಾದವಳು ನಾನೇ. ಈಜುಡುಗೆ ಹಾಕಿಕೊಂಡು, ಟೋಪಿಯೊಳಗೆ ಕೂದಲು ತೂರಿಸುತ್ತಾ ಕೂತಿದ್ದಳು. ಹೇಳಿದೆ. ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಭುಜ ಕುಣಿಸಿ ನಗಲು ಶುರುಮಾಡಿದಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ದಿಂಬೂ ಕೊಟ್ಟಿದ್ರಾ ಅಮ್ಮ?"

"ಕೊಟ್ಟಿದ್ರು."

"ಹೋಗ್ಲಿ ಬಿಡಿ. ಸೊಸೆ ಇದಾಳಲ್ಲ."

ಸೊಸೆ ಇದ್ದಳು, ಸರಿ. ಆದರೆ ಸೊಸೆ ನಡೆಯುವ ಕಾಲು, ಸೈಕಲ್ ತುಳಿಯುವ ಕಾಲು. ಭಾರ. ಪಾದ ಮಣಿಯುವುದಿಲ್ಲ. ಅದನ್ನು ಹಾಕಿಕೊಂಡು ಅಷ್ಟು ದೂರ ಓಡಿದರೆ ಬಟ್ಟಲಿನಂಥ ಅದರ ಅಂಚು ಮೂಳೆಗೆ ಬಡಿಯುತ್ತಲೇ ಇರುತ್ತದೆ. ಪೀಪಿ ಮೇಡಂ, "ಬೇಡ ಅಂದ್ರೆ ಈಗ್ಲೇ ಹೇಳು, ಹೆಸರು ವಾಪಸ್ ತಗೋತೀನಿ" ಅಂದರು. ಬುಗುರಿ ಟೋಪಿ ಎಳೆದುಕೊಂಡು ನೀರಿಗೆ ಇಳಿದಳು.

ನೀರಿನಿಂದ ಅವಳು ಎರಡನೆಯವಳಾಗಿ ಹೊರಬಂದಳು. ಒರೆಸಿದೆ, ಒಂದು ಕಾಲುಚೀಲ ಹೆಚ್ಚು ಹಾಕಿದೆ, ಆಮೇಲೆ ಇನ್ನೂ ಒಂದು ಹಾಕಿದೆ. "ಬಿಗಿ ಆಗುತ್ತೆ ಅತ್ತಿಗೆ." "ಆಗ್ಲಿ, ಓಡುವಾಗ ಬೇಕಾಗುತ್ತೆ." ಸೈಕಲ್ ಹತ್ತಿ ಹೋದಳು. ಅತ್ತೆ ಬೇಲಿ ಹಿಡಿದು ನಿಂತಿದ್ದರು. ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಸೈಕಲ್ ಇಳಿದು ಬಂದಾಗ ಉಳಿದವರೆಲ್ಲ ಕೂತು ಕಾಲು ಬದಲಾಯಿಸುತ್ತಿದ್ದರು. ಬುಗುರಿಗೆ ಬದಲಾಯಿಸಲು ಏನಿದೆ? ಸೈಕಲ್ ನೇತುಹಾಕಿ ಸೀದಾ ಓಡಿದಳು. ಎಲ್ಲರಿಗಿಂತ ಮೊದಲು! ನಾನು ಹುಚ್ಚಿಯಂತೆ, "ಕಾಲಿಗೆ ಬುದ್ಧಿ ಹೇಳೇ, ಬುಗುರಿ!" ಅಂತ ಕೂಗಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನೋಡಲಿ.

ಓಟಕ್ಕೆ ಮೂರು ಸುತ್ತು, ಪ್ರತಿ ಸುತ್ತೂ ನಮ್ಮ ಬೇಲಿಯ ಮುಂದೆಯೇ. ಮೊದಲ ಸುತ್ತಿನಲ್ಲಿ ಬುಗುರಿ ಮುಂದಿದ್ದಳು. ಟಕ್ ಟಕ್ ಟಕ್ ಅಂತ ಸೊಸೆಯ ಸದ್ದು ದೂರದಿಂದಲೇ ಕೇಳಿಸುತ್ತಿತ್ತು. ಆ ಸದ್ದು ನಮ್ಮ ಮನೆಯಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಕೇಳುವಂಥದ್ದೇ, ಅಡುಗೆಮನೆಯಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ. ಎರಡನೇ ಸುತ್ತಿನಲ್ಲಿ ಒಬ್ಬಳು ಅವಳನ್ನು ದಾಟಿದಳು. ಬುಗುರಿಯ ಮುಖ ಸುಣ್ಣದಂತೆ ಬಿಳುಚಿತ್ತು. ಹಿಂದೆ ಸ್ವಲ್ಪ ದೂರದಲ್ಲಿ ಹಳದಿ ಟೋಪಿಯ ಹುಡುಗಿಯೊಬ್ಬಳು ಬ್ಲೇಡಿನ ಮೇಲೆ ಪುಟಿಯುತ್ತಾ ಬರುತ್ತಿದ್ದಳು. ಇಬ್ಬರಿಗೆ ಜಾಗ. ಬುಗುರಿ ಎರಡನೆಯವಳು. ಇನ್ನೊಂದೇ ಸುತ್ತು.

ಆಗ ರಸ್ತೆಯ ಆ ತುದಿಯಲ್ಲಿ ಗದ್ದಲ ಕೇಳಿತು. ಸ್ಪರ್ಧೆಗಾಗಿ ರಸ್ತೆ ಮುಚ್ಚಿದ್ದರು, ವ್ಯಾನು ಒಳಗೆ ಬರುವಂತಿರಲಿಲ್ಲ. ನಮ್ಮ ಅಳಿಯಂದಿರು, ಕುಡಿದ ಲೋಟ ಎತ್ತಿಡದ ಅಳಿಯಂದಿರು, ಹೊಟ್ಟೆ ಕುಣಿಸಿಕೊಂಡು, ಚಪ್ಪಲಿಯೊಂದು ಎಲ್ಲೋ ಬಿಟ್ಟು, ಕೆಂಪು ಚೀಲವನ್ನು ಮಗುವಿನಂತೆ ಎದೆಗವಚಿಕೊಂಡು ಓಡಿ ಬರುತ್ತಿದ್ದರು. ನನ್ನ ಗಂಡ ಅದ್ಯಾವ ವೇಗದಲ್ಲಿ ಗಾಡಿ ಓಡಿಸಿದ್ದನೋ, ನಾನು ಇವತ್ತಿಗೂ ಕೇಳಿಲ್ಲ. ಅಳಿಯಂದಿರು ಬೇಲಿಗೆ ಬಂದು ಬಿದ್ದರು. ಚೀಲದಿಂದ ಬ್ಲೇಡನ್ನು ತೆಗೆದು ಎತ್ತಿ ಹಿಡಿದು, ಬೇಲಿಯತ್ತ ಬರುತ್ತಿದ್ದ ಬುಗುರಿಗೆ ತೋರಿಸಿದರು.

"ಬದಲಾಯಿಸೋದಾದ್ರೆ ಸೈಕಲ್ ಇಟ್ಟಿರೋ ಜಾಗಕ್ಕೇ ಹೋಗ್ಬೇಕು, ರಸ್ತೆ ಮೇಲೆ ಆಗಲ್ಲ. ಹೋಗಿ ಬರೋದ್ರಲ್ಲಿ ಹಳದಿ ಟೋಪಿ ದಾಟಿಬಿಡ್ತಾಳೆ" ಅಂದರು ಪೀಪಿ ಮೇಡಂ. "ಆದ್ರೆ ಕಾಲು ಉಳಿಯುತ್ತೆ. ಅವಳೇ ಹೇಳ್ಲಿ."

ಬುಗುರಿ ಬ್ಲೇಡನ್ನು ನೋಡಿದಳು. ಭಾವನನ್ನು ನೋಡಿದಳು, ಅವರ ಬರಿಗಾಲನ್ನು ನೋಡಿದಳು. ನಿಲ್ಲಲಿಲ್ಲ.

"ಅಳಿಯಂದಿರಿಗೆ ಕಾಫಿ ಕೊಟ್ಟು ಕೂರ್ಸಿ ಅತ್ತಿಗೆ!" ಅಂತ ಓಡುತ್ತಲೇ ಕೂಗಿದಳು. "ಸೊಸೆ ಕೆಲಸ ಮುಗಿಸ್ಕೊಂಡು ಬರ್ತಾಳೆ!"

ನಾನು ಅಳಬಾರದು ಅಂತ ತುಟಿ ಕಚ್ಚಿದ್ದೆ. ಆ ಮಾತಿಗೆ ಕಟ್ಟೆ ಒಡೆಯಿತು. ಅಳಿಯಂದಿರು ಬೇಲಿಯ ಬುಡದಲ್ಲಿ ಕುಸಿದು ಕೂತರು, ಅವರ ಕಣ್ಣಲ್ಲೂ ನೀರು.

ಕೊನೆಯ ಸುತ್ತನ್ನು ನಾನು ಹೇಗೆ ಹೇಳಲಿ? ಟಕ್ ಟಕ್ ಅನ್ನುತ್ತಿದ್ದದ್ದು ಟಕ್... ಟಕ್... ಆಯಿತು. ತಿರುವಿನಲ್ಲಿ ಕಂಡಾಗ ಇನ್ನೂ ಎರಡನೆಯವಳೇ. ಹಳದಿ ಟೋಪಿ ಬೆನ್ನಿಗೇ ಇದ್ದಳು. ಅತ್ತೆ ನನ್ನ ಮುಂಗೈ ಹಿಡಿದುಕೊಂಡಿದ್ದರು, ಬಳೆ ಒಡೆಯುವ ಹಾಗೆ. ಗುರಿ ಇನ್ನೇನು ಕೈಗೆ ಸಿಗುವಷ್ಟು ಹತ್ತಿರ ಅನ್ನುವಾಗ ಹುಡುಗಿ ಪಕ್ಕದಿಂದ ಪುಟಿದು ಮುಂದೆ ಹೋದಳು. ಬುಗುರಿ ಮೂರನೆಯವಳು.

ಆಯ್ತು. ಮುಗಿಯಿತು. ಗೆದ್ದಳು ಅಂತ ಬರೆಯಲು ನನಗೇನು ಆಸೆಯಿಲ್ಲವೇ?

ಡೇರೆಯೊಳಗೆ ಅವಳನ್ನು ಕೂರಿಸಿದೆವು. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ನನ್ನ ಹೊಟ್ಟೆಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. "ಮುಗೀತು ಅತ್ತಿಗೆ. ಇನ್ನು ಸಾಕು. ಕೊಟ್ಬಿಡೋಣ." ಕಾಲು ಬಿಚ್ಚಲು ನಾನು ಬಗ್ಗುವ ಮೊದಲೇ ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿದರು.

ಅತ್ತೆ ನೆಲದ ಮೇಲೆ ಕೂತಿದ್ದರು. ಇಷ್ಟು ವರ್ಷ ಆ ಕಾಲನ್ನು ನೋಡದೆ ಮುಖ ತಿರುಗಿಸುತ್ತಿದ್ದ ಅತ್ತೆ, ಎರಡೂ ಕೈಯಲ್ಲಿ ಅದನ್ನು ಹಿಡಿದು, "ಹೇಗೆ ತೆಗೀಬೇಕು ಹೇಳೇ" ಅಂದರು. ಹೇಳಿಕೊಟ್ಟೆ. ಕಾಲು ಬಂತು. ಕಾಲುಚೀಲಗಳು ಕೆಂಪಾಗಿದ್ದವು. ಅತ್ತೆ ಮುಖ ತಿರುಗಿಸಲಿಲ್ಲ. ಒಂದೊಂದೇ ಚೀಲ ಸುಲಿದು, ಮಗಳ ಮೊಂಡುಗಾಲನ್ನು ನೀರು ಹಾಕಿ ತೊಳೆದು, ಒರೆಸಿ, ತಮ್ಮ ತೊಡೆಯ ಮೇಲಿಟ್ಟುಕೊಂಡು ಊದಿದರು, ಚಿಕ್ಕ ಮಕ್ಕಳು ಬಿದ್ದಾಗ ಊದುತ್ತಾರಲ್ಲ ಹಾಗೆ. ಆಮೇಲೆ ಸೊಸೆಯನ್ನು ಎತ್ತಿಕೊಂಡು ಅದರ ಒಳಗನ್ನೂ ತೊಳೆದರು. ಕೆಸರು ಮೆತ್ತಿದ್ದ ಪಾದವನ್ನು ಟವೆಲ್ಲಿನಿಂದ ಒತ್ತಿ ಒತ್ತಿ ಒರೆಸಿದರು.

"ಇವಳನ್ನ ಯಾರೇ ಓಟಕ್ಕೆ ಅಂತ ತಯಾರು ಮಾಡಿದ್ರು?" ಅಂದರು, ಯಾರ ಮುಖವನ್ನೂ ನೋಡದೆ. "ಯಾರೂ ಮಾಡ್ಲಿಲ್ಲ. ಒಳ್ಳೆ ಬಟ್ಟೆ ಎಲ್ಲಾ ಆ ಇನ್ನೊಬ್ಬರಿಗೆ. ಇವಳನ್ನ ದಿನಾ ದುಡಿಸ್ಕೊಂಡು, ಹೇಳ್ದೆ ಕೇಳ್ದೆ ತಂದು ನಿಲ್ಲಿಸಿದ್ವಿ. ನಿಂತ್ಳು. ಓಡಿದ್ಳು. ಮೂರನೇ ಜಾಗಕ್ಕೆ ಬಂದ್ಳು. ಇದನ್ನ ಸೋಲು ಅಂತೀಯೇನೇ?"

ಬುಗುರಿ ಅಳು ನಿಲ್ಲಿಸಿ ಅಮ್ಮನನ್ನೇ ನೋಡಿದಳು. ನಾನೂ ನೋಡಿದೆ. ಅತ್ತೆ ಪೀಪಿ ಮೇಡಂ ಕಡೆ ತಿರುಗಿ, "ಮತ್ತೆ ಯಾವಾಗ ಇದು?" ಅಂತ ಕೇಳಿದರು.

"ಮುಂದಿನ ವರ್ಷ."

"ಬರ್ತಾಳೆ. ಇಬ್ರನ್ನೂ ನಾನೇ ಗಾಡಿಗೆ ಹತ್ತಿಸ್ತೀನಿ. ಮುಟ್ಟಿ ನೋಡಿ ಹತ್ತಿಸ್ತೀನಿ."

"ಅಮ್ಮ, ನನ್ನನ್ನ ಯಾರೂ ಕೇಳಲ್ವಾ?" ಅಂದಳು ಬುಗುರಿ. ಮೂಗು ಕೆಂಪಗಿತ್ತು, ಆದರೆ ದನಿಯಲ್ಲಿ ಹಳೆಯ ತುಂಟತನ ಒಂದಿಷ್ಟು ವಾಪಸ್ಸಾಗಿತ್ತು.

"ನಿನ್ನನ್ನ ಕೇಳೋದೇನು? ಸೊಸೇನ ಕೇಳಿದೀನಿ."

ವ್ಯಾನಿನ ಹತ್ತಿರ ಬಂದೆವು. ಗಂಡ ಸೈಕಲ್ ಹತ್ತಿಸಿ ತನ್ನ ಸೀಟಿನಲ್ಲಿ ಕೂತ. ಬುಗುರಿಯನ್ನು ಹಿಂದೆ ಕಾಲು ಚಾಚಿ ಕೂರಿಸಿದೆವು. ಅಭ್ಯಾಸಬಲದಿಂದ ನಾನು ಚಕ್ರ ಎತ್ತಿಕೊಂಡು ಹಿಂದಕ್ಕೆ ಹತ್ತಲು ಹೋದೆ, ಅಳಿಯಂದಿರು ಮುಂದಿನ ಬಾಗಿಲಿಗೆ ಕೈ ಹಾಕಿದರು. ಆಮೇಲೆ ಅವರೇ ಕೈ ತೆಗೆದರು. ನನ್ನ ಕೈಯಿಂದ ಚಕ್ರ ತೆಗೆದುಕೊಂಡು, ಒಂದೇ ಚಪ್ಪಲಿಯಲ್ಲಿ, ಹಿಂದೆ ಹೋಗಿ ಮುದುಡಿ ಕೂತರು.

"ಸೊಸೆ ಮುಂದೆ ಕೂರ್ಲಿ" ಅಂದರು ಅತ್ತೆ. ಅವರ ಕೈಯಲ್ಲಿ ತೊಳೆದ ಕಾಲು ಇನ್ನೂ ಇತ್ತು.

ಅದನ್ನು ಇಸಿದುಕೊಳ್ಳಲು ಕೈ ಚಾಚಿದವಳು, ತಮಾಷೆಗೆ ಅಂದುಕೊಂಡೇ ಕೇಳಿದೆ: "ಯಾವ ಸೊಸೆ, ಅತ್ತೆ?"

"ಇಬ್ರೂ" ಅಂದರು ಅತ್ತೆ. "ಬೆಲ್ಟ್ ಹಾಕ್ಕೋ." ಹಿಂದೆ ಬಿದ್ದಿದ್ದ ದಿಂಬನ್ನು ತಂದು ನನ್ನ ಬೆನ್ನಿಗೆ ಕೊಟ್ಟರು.

ನಾನು ಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಬ್ಬರಿಗೂ ಸೇರಿಸಿ ಬೆಲ್ಟ್ ಹಾಕಿದೆ.